ಸಾಲು ಒಡೆಯಬಾರದು

ಸಿತ್ರಾದಲ್ಲಿ ನಮ್ಮ ಆಫೀಸೆಂದರೆ ಒಂದು ಪೋರ್ಟಾಕ್ಯಾಬಿನ್,
ಎಸಿಯ ನೀರು ಬಕೆಟ್ಟಿಗೆ ತೊಟ್ಟಿಕ್ಕುವ ಸದ್ದು,
ಗಾಳಿ ಈ ಕಡೆ ತಿರುಗಿದರೆ ಎಣ್ಣೆಯ ವಾಸನೆ,
ಮತ್ತು ನಾನು, ಫ್ಲೋಸಿ ಬರೆಟ್ಟೊ,
ಇನ್ನೂರ ಹತ್ತು ಗಂಡಸರಿಗೆ
ಮಲಗುವ ಜಾಗ ಟೈಪು ಮಾಡುವವಳು.

ಕ್ರಮಸಂಖ್ಯೆ, ಹೆಸರು, ಕಸುಬು, ಕೋಣೆ,
ಮಂಚ: ಮೇಲೋ ಕೆಳಗೋ.
ಐದು ಕಾಲಮ್ಮು, ಎಂಟು ಪುಟ.

ನನಗಿಂತ ಮುಂಚೆ ಈ ಕುರ್ಚಿಯಲ್ಲಿದ್ದವನು
ಒಂದೊಂದು ಮನೆಗೂ ಕೈಯಾರೆ ಬಣ್ಣ ಬಳಿದು ಹೋಗಿದ್ದ.
ಹೊಸ ಸ್ಟೈಲು ಕೊಟ್ಟರೆ ಕೇಳುವುದೇ ಇಲ್ಲ.
ಹಳೆಯ ಹಳದಿ, ಹಳೆಯ ಹಸಿರು,
ಸುಣ್ಣ ಹೊಡೆದರೂ ಮತ್ತೆ ಮೂಡುವ ಎಣ್ಣೆಜಿಡ್ಡು.
ಒಂದಿಡೀ ಗುರುವಾರ ಕೂತು ಅಷ್ಟನ್ನೂ ಕೆರೆದೆ.
ಆಮೇಲೆ ಒಂದೇ ಸ್ಟೈಲು: ಒಂದು ಸಾಲು ಬಿಳಿ, ಒಂದು ಬೂದಿ.
ಇದು ಪಂಕ್ತಿಭೇದವಲ್ಲ, ಕಣ್ಣು ಜಾರದಿರಲೆಂದು.

ಕಲ್ಯಾಣಪುರದ ಟೈಪಿಂಗ್ ಕ್ಲಾಸಿನಲ್ಲಿ
ಕಾರ್ಮಿನ್ ಬಾಯಿ ಹೇಳುತ್ತಿದ್ದರು:
ಅಕ್ಷರ ಎಣಿಸು, ಎಂಬತ್ತರಲ್ಲಿ ಕಳೆ, ಅರ್ಧ ಮಾಡು,
ಆಮೇಲೆ ಕೀಲಿ ಮುಟ್ಟು.
ಗೆರೆ ಎಳೆಯುವುದು ಕೊನೆಗೆ, ಪೆನ್ಸಿಲಿನಲ್ಲಿ.
ಅಲ್ಲಿ ಹೆಸರಿಗೆ ತಕ್ಕ ಜಾಗ.
ಇಲ್ಲಿ ಜಾಗ ಮೊದಲೇ ಬಂದು ಕೂತಿರುತ್ತದೆ.

ಬಲದಿಂದ ಎಡಕ್ಕೆ ಮಾಡಿ, ಎಂದರು ಎಂಜಿನಿಯರ್ ಹೊಸಾಮ್,
ಸರಕಾರಿ ಪ್ರತಿ ಅರಬ್ಬಿಯಲ್ಲಿ ಹೋಗಬೇಕು.
ಒಂದು ಗುಂಡಿ ಒತ್ತಿದೆ.
ಇನ್ನೂರ ಹತ್ತು ಮಂದಿ
ನಿದ್ದೆಯಲ್ಲಿ ಒಟ್ಟಿಗೆ ಮಗ್ಗುಲು ಬದಲಿಸಿದರು.

ತಪ್ಪು ಆದದ್ದು ಅಲ್ಲೆಲ್ಲ ಅಲ್ಲ, ಒಂದು ರೈಟ್ ಮಾರ್ಕಿನಲ್ಲಿ.
ಸಾಲು ಪುಟ ದಾಟಿ ಒಡೆಯಬಹುದು
ಎಂಬಲ್ಲಿ ಅದು ಮೊದಲಿಂದಲೂ ಇತ್ತು, ನಾನು ನೋಡಲಿಲ್ಲ.
ಐವತ್ತೆಂಟನೆಯವನು ಎರಡನೆಯ ಪುಟದ ಬುಡದಲ್ಲಿ
'ಹುಲಿಗೆಪ್ಪ, ಬ್ಲಾಕ್ ಬಿ' ಎಂದು ನಿಂತ,
ಮೂರನೆಯ ಪುಟದ ನೆತ್ತಿಯಲ್ಲಿ
'ಯಮನಪ್ಪ ತಳವಾರ, ಕೋಣೆ ಹದಿನಾಲ್ಕು' ಎಂದು ಉಳಿದ.
ಕ್ಯಾಂಪ್ ಬಾಸ್ ಗುಲ್‌ಜಮಾನ್ ಓದಿದ್ದು ಸರಿಯಾಗಿಯೇ:
ಒಬ್ಬನಿಗೆ ಕೋಣೆಯಿಲ್ಲ, ಒಂದು ಕೋಣೆಗೆ ನಂಬರಿನವನಿಲ್ಲ.

ಎರಡು ರಾತ್ರಿ ಮೆಸ್ಸಿನ ಬೆಂಚಿನ ಮೇಲೆ ಮಲಗಿ
ಮೂರನೆಯ ದಿನ ಬಂದ, ಬಾಗಿಲಾಚೆ ಶೂ ಬಿಚ್ಚಿಟ್ಟು.
ಜಗಳಕ್ಕೆ ತಯಾರಾಗಿದ್ದೆ ನಾನು.
ಅವನು ಸ್ಕ್ರೀನಿಗೆ ಬಗ್ಗಿ ಕೇಳಿದ್ದು ಇಷ್ಟೇ:
'ಅಕ್ಕಾರ, ನಾ ಎಲ್ಲಿ ಹರದೀನಿ, ತೋರಸ್ರಿ.'

ತೋರಿಸಿದೆ. ಮಾರ್ಕು ತೆಗೆದೆ.
ಅವನ ಸಾಲು ಇಡಿಯಾಗಿ ಎದ್ದು
ಮೂರನೆಯ ಪುಟಕ್ಕೆ ನಡೆದುಹೋಯಿತು,
ತನ್ನ ಅಪ್ಪನನ್ನೂ ಅಡ್ಡಹೆಸರನ್ನೂ ಕೂಡಿಕೊಂಡು.
ತಲೆಬರಹದ ಸಾಲು ಪ್ರತಿ ಪುಟಕ್ಕೂ ಬರುವಂತೆ ಮಾಡಿದೆ,
ಕೇಳದಿದ್ದರೂ. ಏನಾದರೂ ಮಾಡಬೇಕಿತ್ತು ನನಗೆ.

ಅವನು ಹೋಗಲಿಲ್ಲ. ಬೆರಳು ಇಟ್ಟ ಗಾಜಿನ ಮೇಲೆ,
ಸಿಮೆಂಟು ಕೂತ ಉಗುರು.
'ನನ್ನ ಕೆಳಗ ಒಂದ್ ಖಾಲಿ ಮನಿ ಇಡ್ತೀರೇನ್ರಿ?
ನಮ್ಮ ತಮ್ಮಗ ವೀಸಾ ಆಗೂದೈತಿ.'
ಯಾವಾಗ?
'ಏಜಂಟ ಅಂತಾನ, ಈ ತಿಂಗಳು. ಹೋದ ತಿಂಗಳೂ ಅಂದಿದ್ದ.'

ಖಾಲಿ ಮನೆ ಇಡುವ ನಿಯಮ ಎಲ್ಲೂ ಇಲ್ಲ.
ಬಲಗುಂಡಿ ಒತ್ತಿದೆ, ಕೆಳಗೆ ಸಾಲು ಸೇರಿಸು ಎಂದೆ.
ಆ ಕ್ಷಣ, ಅವನ ಕೆಳಗಿದ್ದವರೆಲ್ಲ ಬಣ್ಣ ಬದಲಿಸಿದರು,
ಬಿಳಿಯವರು ಬೂದಿ, ಬೂದಿಯವರು ಬಿಳಿ,
ಕೊನೆಯ ಪುಟದ ಕೊನೆಯ ವೆಲ್ಡರನವರೆಗೆ.
ಕ್ಯಾಂಪಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಗೆರೆ ತೆಗೆದುಬಿಡೋಣ, ಆ ಸಾಲಿಗೆ ಮಾತ್ರ,
ಕಾಣದಿರಲಿ ಅನ್ನಿಸಿತು. ತೆಗೆದೂ ನೋಡಿದೆ.
ಪುಟದ ನಡುವೆ ಹಲ್ಲು ಉದುರಿದ ಬಾಯಿ.
ಗೆರೆ ವಾಪಸು ಹಾಕಿದೆ.

ಸಂಜೆ ಹೊಸಾಮ್ ಸಹಿ ಮಾಡಲು ಕೂತರು,
ಮೂರನೆಯ ಪುಟದಲ್ಲಿ ಪೆನ್ನು ನಿಂತಿತು.
ಇದೇನು?
ಲೇಔಟ್, ಎಂದೆ.
ಅವರು ನನ್ನನ್ನು ನೋಡಿದರು, ಹಾಳೆಯನ್ನು ನೋಡಿದರು,
ಅವರಿಗೂ ಅಲೆಕ್ಸಾಂಡ್ರಿಯಾದಲ್ಲಿ ಯಾರೋ ಇದ್ದಿರಬೇಕು,
ಇಲ್ಲವೇ ಬರೀ ಹಸಿವಾಗಿತ್ತೋ ಏನೋ.
ಸಹಿ ಬಿತ್ತು.

ಒಟ್ಟು: ಇನ್ನೂರ ಹನ್ನೊಂದು.
ಅರವತ್ತು ನಮೂದಾದವನು ಮೊನ್ನೆಯವರೆಗೆ ಐವತ್ತೊಂಬತ್ತು.
ಬಕೆಟ್ಟು ತುಂಬಿತ್ತು, ಹೊರಗೆ ಚೆಲ್ಲಿ ಬಂದೆ.